ಮರಣಶಾಸನದ ಕಥೆ: ಕಲ್ಯಾಣದಿಂದ ಮುಂಬಯಿಯವರೆಗೆ

ಹಳೆಯ ಮೈಸೂರಿನವರು ‘ಉಯಿಲು’ ಎನ್ನುತ್ತಾರೆ. ಧಾರವಾಡ, ಬೆಳಗಾವಿಯ ಕಡೆಯವರು ‘ಮೃತ್ಯುಪತ್ರ’ ಎನ್ನುತ್ತಾರೆ. ಗ್ರಂಥಭಾಷೆಯಲ್ಲಿ ಅದೇ ‘ಮರಣಶಾಸನ’. ಎಲ್ಲ ಸೀಮೆಯ ಕನ್ನಡಿಗರೂ ಸೇರಿರುವ ಮುಂಬಯಿಯಲ್ಲಿ ಈ ಮೂರು ಮಾತುಗಳೂ ನಮ್ಮ ಕಿವಿಗೆ ಬೀಳುತ್ತವೆ. ಇವುಗಳಲ್ಲಿ ಉಯಿಲೆಂಬುದು ಇಂಗ್ಲಿಷಿನ ‘ವಿಲ್’ ಶಬ್ದವೇ ನಮ್ಮ ನಾಲಗೆಗೆ ಒಗ್ಗಿ ಬಂದ ರೂಪ. ಶಬ್ದದಂತೆ ಪದ್ಧತಿಯೂ ಹೊರಗಿನಿಂದಲೇ ಬಂದುದು. ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳು ದಾನವನ್ನು ಹೇಳಿದವು, ವಿಭಾಗವನ್ನು ಹೇಳಿದವು. ಇಂದಿನ ಅರ್ಥದ ಉಯಿಲನ್ನು ಹೇಳಲಿಲ್ಲ.

ಅದರ ಕಾರಣವನ್ನು ತಿಳಿಯಲು ಕನ್ನಡ ನಾಡಿಗೇ ಹೋಗಬೇಕು. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅವನ ಸಿದ್ಧಾಂತ. ಬಂಗಾಳದ ಕಡೆಯನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಇದೇ ಪ್ರಮಾಣವಾಯಿತು. ಅವಿಭಕ್ತ ಕುಟುಂಬದಲ್ಲಿ ಒಬ್ಬನು ತೀರಿಕೊಂಡರೆ ಅವನ ಪಾಲು ಉಳಿದ ಪಾಲುಗಾರರಲ್ಲಿ ಸೇರಿಹೋಗುತ್ತಿತ್ತು. ಹೀಗಿರುವಲ್ಲಿ ಸಾಯುವವನು ಬರೆದುಕೊಡಲು ಉಳಿಯುವುದಾದರೂ ಏನು?

ಈ ಪ್ರಶ್ನೆಗೆ ಬಲ ಬಂದುದು ಕಲ್ಕತ್ತ, ಮದರಾಸು, ಮುಂಬಯಿಗಳಂಥ ಬಂದರು ಪಟ್ಟಣಗಳಲ್ಲಿ. ಊರ ಮನೆಯಿಂದ ದೂರ ಬಂದು ಸ್ವಂತ ದುಡಿಮೆಯಿಂದ ಮನೆ, ಮಳಿಗೆ ಮಾಡಿಕೊಂಡವರು ಅಲ್ಲಿ ಹೆಚ್ಚಿದರು. ಅವರು ಉಯಿಲು ಬರೆಯತೊಡಗಿದರು, ನ್ಯಾಯಾಲಯಗಳು ಕ್ರಮೇಣ ಒಪ್ಪಿಕೊಂಡವು. ಕಲ್ಕತ್ತದ ಪ್ರಸನ್ನಕುಮಾರ ಠಾಕೂರರು ಕ್ರೈಸ್ತಮತವನ್ನು ಸ್ವೀಕರಿಸಿದ ಮಗನಿಗೆ ಆಸ್ತಿ ಕೊಡದೆ, ಮುಂದೆ ಹುಟ್ಟಲಿರುವ ಗಂಡುಸಂತತಿಯವರೆಗೂ ಕ್ರಮವನ್ನು ಗೊತ್ತುಮಾಡಿ ಉಯಿಲು ಬರೆದಿದ್ದರು. 1872ರಲ್ಲಿ ಪ್ರಿವಿ ಕೌನ್ಸಿಲ್ ಉಯಿಲು ಬರೆಯುವ ಅಧಿಕಾರವನ್ನು ಒಪ್ಪಿತು. ಆದರೆ ಕರ್ತೃವಿನ ಮರಣಕಾಲಕ್ಕೆ ಇನ್ನೂ ಹುಟ್ಟದವನಿಗೆ ಆಸ್ತಿ ಕೊಡುವುದು ಅಂದಿನ ಹಿಂದೂ ನ್ಯಾಯಕ್ಕೆ ಸಲ್ಲದೆಂದಿತು.

ಅಷ್ಟರಲ್ಲಿ 1870ರ ಹಿಂದೂ ಉಯಿಲುಗಳ ಕಾಯಿದೆ ಬಂದಿತ್ತು. ಬಂಗಾಳದ ಪ್ರಾಂತಗಳಲ್ಲಿ, ಮದರಾಸು ಮತ್ತು ಮುಂಬಯಿ ಪಟ್ಟಣಗಳಲ್ಲಿ ಹಿಂದೂಗಳ ಉಯಿಲು ಬರಹದಲ್ಲಿರಬೇಕು, ಸಾಕ್ಷಿಗಳ ರುಜು ಇರಬೇಕೆಂದು ಅದು ವಿಧಿಸಿತು. ಆದರೆ ಅದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಕಾರವಾರಗಳಲ್ಲಿ ಬಾಯಿಮಾತಿನ ಉಯಿಲೂ ನಡೆಯುತ್ತಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಗೆ ಆದ ತಿದ್ದುಪಡಿಯಿಂದ, 1927ರ ಜನವರಿ 1ರಿಂದೀಚೆಗೆ ಅಲ್ಲಿಯೂ ಬರಹ, ಸಾಕ್ಷಿ ಅವಶ್ಯವಾದವು. ಮುಸಲ್ಮಾನ ಬಾಂಧವರಿಗೆ ಅವರ ಶರೀಯತ್ತಿನ ನಿಯಮವೇ ಬೇರೆ: ಸಾಲ, ಅಂತ್ಯಕ್ರಿಯೆಯ ವೆಚ್ಚ ಕಳೆದು ಉಳಿದುದರಲ್ಲಿ ಸಾಮಾನ್ಯವಾಗಿ ಮೂರನೆಯ ಒಂದು ಭಾಗಕ್ಕೆ ಮಾತ್ರ ಉಯಿಲು ಸಲ್ಲುತ್ತದೆ.

ಇಷ್ಟಾದರೂ ಊರಿನ ಅವಿಭಕ್ತ ಪಾಲಿಗೆ ಬಾಗಿಲು ಮುಚ್ಚಿಯೇ ಇತ್ತು. ಮರಣದ ಕ್ಷಣದಲ್ಲಿ ಉಳಿದ ಪಾಲುಗಾರರ ಹಕ್ಕೇ ಉಯಿಲಿಗಿಂತ ಮೇಲೆಂದು 1874ರಲ್ಲಿ ಮದರಾಸು ಹೈಕೋರ್ಟು ಹೇಳಿತ್ತು. ಆ ಬಾಗಿಲು ತೆರೆದುದು 1956ರಲ್ಲಿ. ನಮ್ಮ ರಾಜ್ಯ ಒಂದಾದ ವರ್ಷವೂ ಅದೇ. ಆ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೆಯ ಕಲಮು, ಅವಿಭಕ್ತ ಆಸ್ತಿಯಲ್ಲಿ ತನಗಿರುವ ಹಕ್ಕನ್ನೂ ಉಯಿಲಿನಿಂದ ಕೊಡಬಹುದೆಂದಿತು. ಅಳಿಯಸಂತಾನದ ‘ಕುಟುಂಬ’, ‘ಕವರು’ ಎಂಬ ನಮ್ಮ ಕರಾವಳಿಯ ಮಾತುಗಳು ಆ ಕಲಮಿನಲ್ಲಿಯೇ ಇವೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ದೊರೆತು, ಈ ಅಧಿಕಾರ ಅವರದೂ ಆಯಿತು.

ಈ ಚರಿತ್ರೆಯಿಂದ ನಮಗೇನು ಎಂದು ಕೇಳಬಹುದು. ಮುಂಬಯಿಯಲ್ಲಿ ಸ್ವಂತ ದುಡಿಮೆಯ ಮನೆಯೊಂದುಳ್ಳ ಹಿಂದೂ ಗೃಹಸ್ಥನು ಉಯಿಲಿಲ್ಲದೆ ತೀರಿಕೊಂಡನೆನ್ನೋಣ. ಹೆಂಡತಿ, ಮಕ್ಕಳು, ಊರಿನಲ್ಲಿರುವ ತಾಯಿ, ಎಲ್ಲರಿಗೂ ಸಮಪಾಲು. ತಾಯಿಗೆ ಪಾಲು ಸಲ್ಲುವುದು ನ್ಯಾಯವೇ. ಆದರೆ ಆಕೆಯೂ ಉಯಿಲಿಲ್ಲದೆ ಕಾಲವಾದರೆ ಆ ಪಾಲು ಆಕೆಯ ಉಳಿದ ಮಕ್ಕಳಿಗೂ ಹಂಚಿಹೋಗುತ್ತದೆ. ಆಗ ಒಂದು ಅಡುಗೆಮನೆಗೆ ಊರಿನ ಮೈದುನ, ನಾದಿನಿಯರೂ ಹಕ್ಕುದಾರರು! ಯಾರಲ್ಲಿಯೂ ದುರುದ್ದೇಶವಿಲ್ಲದಿದ್ದರೂ ಮನಸ್ಸು ಮುರಿಯಲು ಇಷ್ಟು ಸಾಕು.

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿರುವ ನಾವು ದಿನವೂ ಕೇಳುವ ಮಾತೊಂದುಂಟು: “ನಾಮಿನಿ ಹಾಕಿದ್ದೇವೆ, ಇನ್ನು ಉಯಿಲೇಕೆ?” ನಾಮಿನಿಯು ಹಣವನ್ನು ಪಡೆದುಕೊಳ್ಳುವವನೇ ಹೊರತು ಅಷ್ಟರಿಂದಲೇ ಒಡೆಯನಲ್ಲ. ಸುಪ್ರೀಂ ಕೋರ್ಟು ಇದನ್ನು 1983ರಲ್ಲಿ ವಿಮೆಯ ಹಣದ ಬಗ್ಗೆ, 2010ರಲ್ಲಿ ಬ್ಯಾಂಕ್ ಠೇವಣಿಯ ಬಗ್ಗೆ, 2023ರಲ್ಲಿ ಷೇರುಗಳ ಬಗ್ಗೆ ಹೇಳಿದೆ. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯು ತಂದೆತಾಯಿ, ಪತಿಪತ್ನಿ, ಮಕ್ಕಳು ನಾಮಿನಿಗಳಾದರೆ ಅವರಿಗೆ ಹೆಚ್ಚಿನ ಹಕ್ಕನ್ನು ಕೊಟ್ಟಿದೆ.

ಇಷ್ಟೆಲ್ಲ ವ್ಯಾಜ್ಯಗಳ ಮಥನದಿಂದ ಹೊರಟ ವಿಧಿಯು ಮಾತ್ರ ಬಹು ಸರಳವಾದುದು. ಹದಿನೆಂಟು ತುಂಬಿ ಸ್ವಸ್ಥಚಿತ್ತವುಳ್ಳವರು ಬರೆಯಬಹುದು. ಸ್ಟಾಂಪ್ ಕಾಗದ ಬೇಡ. ಭಾಷೆ ಕನ್ನಡವಾದರೂ ಸಲ್ಲುತ್ತದೆ. ಕರ್ತೃವು ರುಜು ಮಾಡಬೇಕು, ಇಲ್ಲವೆ ಹೆಬ್ಬೆಟ್ಟೊತ್ತಬೇಕು. ಅದನ್ನು ಕಂಡ, ಇಲ್ಲವೆ ತನ್ನದೆಂದು ಆತನೇ ಹೇಳಿದ್ದನ್ನು ಕೇಳಿದ ಇಬ್ಬರು ಸಾಕ್ಷಿಗಳು ಆತನ ಎದುರಿನಲ್ಲಿ ರುಜು ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳಿತು. ಮುಂದೆ ವ್ಯಾಜ್ಯ ಬಂದರೆ ಸಾಕ್ಷಿ ಹೇಳಲು ಬದುಕಿರುವ ಸಾಕ್ಷಿದಾರ ಬೇಕಾದುದರಿಂದ, ನಮಗಿಂತ ಕಿರಿಯರನ್ನೂ ಆಸ್ತಿಯ ಪಾಲಿಲ್ಲದವರನ್ನೂ ಆರಿಸುವುದು ವಿವೇಕ. ಮನಸ್ಸು ಬದಲಾದರೆ ಬದುಕಿರುವವರೆಗೆ ಮತ್ತೆ ಬರೆಯಬಹುದು, ಕಡೆಯದೇ ಊರ್ಜಿತ.

ಬರೆಸುವವರಾರು ಎಂಬುದೂ ಮುಖ್ಯ. ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ 1958ರ ನವೆಂಬರಿನಲ್ಲಿ ತೀರ್ಮಾನವಾದ ತಿಮ್ಮಾಜಮ್ಮನವರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರರು ಬರೆದ ತೀರ್ಪು ಇಂದಿಗೂ ದಾರಿದೀಪ. ಲಾಭ ಪಡೆಯುವವನೇ ಮುಂದೆ ನಿಂತು ಉಯಿಲನ್ನು ಬರೆಸಿದ್ದರೆ ಸಂಶಯ ಏಳುವುದು ಸಹಜ, ಅದನ್ನು ಪರಿಹರಿಸುವ ಹೊಣೆಯೂ ಅವನದೇ ಎಂಬುದು ಅದರ ಸಾರ. ಮುಂಬಯಿಯ ಆಸ್ತಿಯ ಉಯಿಲುಗಳಿಗೆ ಬಹುಕಾಲ ಕಡ್ಡಾಯವಾಗಿದ್ದ ಹೈಕೋರ್ಟಿನ ಪ್ರೊಬೇಟನ್ನು 2025ರ ಕಾಯಿದೆ ತೆಗೆದುಹಾಕಿದೆ. ಅದರಿಂದ ಉಯಿಲನ್ನು ಸ್ಪಷ್ಟವಾಗಿ ಬರೆಯುವ ಹೊಣೆ ಕಡಿಮೆಯಾಗಿಲ್ಲ.

ಉಯಿಲೆಂದರೆ ಅಪಶಕುನವೆಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಊರಲ್ಲೊಂದು, ಇಲ್ಲೊಂದು ಎಂದು ಎರಡು ಮನೆಗಳ ನಡುವೆ ಬದುಕುವ ನಮ್ಮಂಥವರ ಅಗತ್ಯದಿಂದಲೇ ಈ ಪತ್ರ ನಮ್ಮ ದೇಶದಲ್ಲಿ ಬೇರೂರಿತು. ಹಬ್ಬಕ್ಕೆ ಮನೆಮಂದಿ ಒಟ್ಟು ಸೇರಿದಾಗ, ತಾಯಂದಿರನ್ನೂ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಈ ಮಾತನ್ನು ಎತ್ತುವ ಧೈರ್ಯ ನಮಗೆ ಬರಲಿ.