ಗಿನಿಪಿಗ್ ಗೂಡಿಗೆ ತೊಳೆದು ಬಳಸುವ ಹಾಸು: ಯಾವ ಬಟ್ಟೆ ಒಳ್ಳೇದು, ಯಾವುದು ಬೇಡ?

ಗುಂಡಗುರ್ತಿ: ಗಿನಿಪಿಗ್ ದಿನವಿಡೀ ಹಾಸಿನ ಮೇಲೇ ಇರ್ತದೆ. ಅಲ್ಲೇ ತಿನ್ನುತ್ತದೆ, ಅಲ್ಲೇ ಮಲಗುತ್ತದೆ, ಅಲ್ಲೇ ಉಚ್ಚೆ ಹೊಯ್ಯುತ್ತದೆ. ಅದರ ಅಂಗಾಲಿಗೆ ಕೂದಲಿಲ್ಲ, ಚರ್ಮ ಮೆತ್ತಗೆ. ಹಾಸು ಒದ್ದೆಯಾಗಿಯೇ ಉಳಿದರೆ ಮೊದಲು ಪಾದ ಕೆಂಪಾಗುತ್ತದೆ, ಆಮೇಲೆ ಹುಣ್ಣಾಗುತ್ತದೆ. ಉಚ್ಚೆಯಿಂದ ಏಳುವ ಅಮೋನಿಯಾ ವಾಸನೆ ಉಸಿರಾಟಕ್ಕೆ ಪೆಟ್ಟು ಕೊಡುತ್ತದೆ. ಹಾಗಾಗಿ ಗೂಡಿಗೆ ಯಾವ ಹಾಸು ಹಾಕಬೇಕು ಅನ್ನೋದು ಅಂದಚೆಂದದ ಮಾತಲ್ಲ, ಪ್ರಾಣಿಯ ಆರೋಗ್ಯದ ಮಾತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. ಗಿನಿಪಿಗ್ ಮೂಲತಃ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ತಂಪಿನಲ್ಲಿ ಜನ ಸಾಕಿಕೊಂಡು ಬಂದ ಪ್ರಾಣಿ. 27-28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ತ್ರಾಸು ಶುರು. ಇಲ್ಲಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಹಾಸು ಆರಿಸುವಾಗ ಈ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊಟ್ಟು ಯಾಕೆ ಬೇಡ?

ಬಡಗಿಯ ಹತ್ತಿರ ಪುಕ್ಕಟೆ ಸಿಗುವ ಕಟ್ಟಿಗೆ ಪುಡಿ ನುಣ್ಣಗಿರುವುದರಿಂದ ಮೂಗಿಗೆ ಏರುತ್ತದೆ. ಪೈನ್, ದೇವದಾರು ಜಾತಿಯ ಹಸಿ ಕಟ್ಟಿಗೆಯ ಘಾಟು ಶ್ವಾಸಕೋಶಕ್ಕೂ ಲಿವರ್‌ಗೂ ಒಳ್ಳೇದಲ್ಲ. ಭತ್ತದ ಹೊಟ್ಟಿನ ತುದಿ ಚುಚ್ಚುತ್ತದೆ, ತೊಗರಿ ಹೊಟ್ಟಿನಲ್ಲಿ ಧೂಳು ಜಾಸ್ತಿ. ಅಂಗಡಿಯಲ್ಲಿ ಸಿಗುವ ಕಾಗದದ ಹಾಸು ಒಳ್ಳೇದೇ, ಆದರೆ ಬಳಸಿ ಬಿಸಾಡುವಂಥದ್ದು, ಖರ್ಚು ನಿಲ್ಲುವುದಿಲ್ಲ. ತೊಳೆದು ಬಳಸುವ ಬಟ್ಟೆಯಾದರೆ ಒಮ್ಮೆ ಕೊಂಡರೆ ಬಹಳ ದಿನ ಬರುತ್ತದೆ.

ಮೂರು ಪದರದ ಹಾಸು

1. ಕೆಳಗೆ: ನೀರು ಇಳಿಯದ ಪ್ಲಾಸ್ಟಿಕ್ ಹಾಳೆ ಅಥವಾ ರೆಕ್ಸಿನ್. ಅಂಚು ಹಲ್ಲಿಗೆ ಸಿಗದಂತೆ ಮಡಚಿಡಿ.
2. ನಡುವೆ: ಉಚ್ಚೆ ಹೀರುವ ಬಟ್ಟೆ. ಹಳೇ ಟವೆಲ್, ದಪ್ಪ ಹತ್ತಿ ಬಟ್ಟೆ ಸಾಕು.
3. ಮೇಲೆ: ಫ್ಲೀಸ್ ಬಟ್ಟೆ. ಚಳಿಗಾಲದಲ್ಲಿ ಮಾರುವ ತೆಳು, ಮೆತ್ತನೆಯ ಪಾಲಿಯೆಸ್ಟರ್ ಹೊದಿಕೆಗಳಲ್ಲಿ ಇದು ಸಿಗುತ್ತದೆ.

ಫ್ಲೀಸ್ ಸರಿಯಾಗಿದ್ದರೆ ತಾನು ನೀರು ಹಿಡಿದಿಟ್ಟುಕೊಳ್ಳದೆ ಕೆಳಗಿನ ಬಟ್ಟೆಗೆ ಇಳಿಸುತ್ತದೆ. ಪ್ರಾಣಿಯ ಕಾಲಿಗೆ ತಾಗುವ ಮೇಲ್ಭಾಗ ಒಣಗಿಯೇ ಇರುತ್ತದೆ. ಕತ್ತರಿಸಿದ ಅಂಚಿನಿಂದ ದಾರ ಬಿಚ್ಚುವುದಿಲ್ಲ ಅನ್ನೋದು ಇದರ ಇನ್ನೊಂದು ಲಾಭ. ಕೊಳ್ಳುವಾಗ ಅಂಚನ್ನು ಬೆರಳಿನಿಂದ ಎಳೆದು ನೋಡಿ. ಎಳೆ ಕಿತ್ತು ಬಂದರೆ ಬೇಡ. ಉದ್ದ ಕೂದಲಿನಂಥ ಜೂಲು ಇರುವ ಬಟ್ಟೆಯೂ ಬೇಡ.

"ಮನ್ಯಾಗ ಹಳೇ ಕೌದಿ ಅದ, ಅದನ್ನೇ ಹಾಸಿದ್ರ ಆಗಂಗಿಲ್ಲೇನ್ರಿ?" ಅಂತ ಕೇಳುವವರಿದ್ದಾರೆ. ಮೇಲೆ ಹಾಸಲು ಬೇಡ. ಹತ್ತಿ ಬಟ್ಟೆ ಒದ್ದೆಯಾದರೆ ಒದ್ದೆಯಾಗಿಯೇ ಇರುತ್ತದೆ. ಕೌದಿಯ ಹೊಲಿಗೆ ದಾರ ಉಗುರಿಗೆ, ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಂತು ಬೆರಳೇ ಹೋಗಬಹುದು. ಟವೆಲಿನ ಕುಣಿಕೆಗಳದ್ದೂ ಇದೇ ಅಪಾಯ. ನಡುವಿನ ಪದರಕ್ಕಾದರೆ ಕೌದಿಯ ತುಂಡು ಬಲು ಒಳ್ಳೇದು.

ಹೊಸ ಫ್ಲೀಸ್ ನೇರ ಹಾಸಬೇಡಿ

ಹೊಸ ಬಟ್ಟೆ ಮೇಲೆ ನೀರು ಹನಿಯಾಗಿ ನಿಲ್ಲುತ್ತದೆ. ಮೂರು-ನಾಲ್ಕು ಸಲ ಬಿಸಿನೀರಲ್ಲಿ, ಸುವಾಸನೆ ಇಲ್ಲದ ಸೋಪಿನ ಪುಡಿ ಹಾಕಿ ತೊಳೆಯಿರಿ. ಆಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಕೆಳಗಿಳಿದರೆ ಬಟ್ಟೆ ತಯಾರು, ಮೇಲೇ ನಿಂತರೆ ಇನ್ನೊಮ್ಮೆ ತೊಳೆಯಬೇಕು. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಫರ್ಟ್‌ನಂಥ ದ್ರವ ಯಾವತ್ತೂ ಹಾಕಬೇಡಿ. ಅದು ನೀರು ಇಳಿಯುವುದನ್ನೇ ತಡೆಯುತ್ತದೆ.

ಎರಡು ಗಿನಿಪಿಗ್‌ಗೆ ಕನಿಷ್ಠ ಏಳೂವರೆ ಚದರಡಿ ಜಾಗ ಬೇಕು. 2 ಅಡಿ ಅಗಲ, 4 ಅಡಿ ಉದ್ದದ ಗೂಡಾದರೆ ಸುತ್ತಲೂ 3 ಇಂಚು ಹೆಚ್ಚಿಗೆ ಬಿಟ್ಟು ಎರಡೂವರೆ ಅಡಿಗೆ ನಾಲ್ಕೂವರೆ ಅಡಿ ಬಟ್ಟೆ ಕತ್ತರಿಸಿ. ಇಂಥ ಮೂರು ಜೊತೆ ಇದ್ದರೆ ಒಂದು ಗೂಡಿನಲ್ಲಿ, ಒಂದು ಹಗ್ಗದ ಮೇಲೆ, ಒಂದು ಕಪಾಟಿನಲ್ಲಿ.

ನೀರು ಕಡಿಮೆ ಇದ್ದ ಮನೆಗೆ

ಗಿನಿಪಿಗ್ ಹುಲ್ಲು ತಿನ್ನುವ ಜಾಗದಲ್ಲಿ ಮತ್ತು ಮಲಗುವ ಮೂಲೆಯಲ್ಲಿ ಹೆಚ್ಚು ಉಚ್ಚೆ ಹೊಯ್ಯುತ್ತದೆ. ಅಲ್ಲಿ ಮಾತ್ರ ಒಂದಡಿ ಚೌಕದ ಚಿಕ್ಕ ತುಂಡು ಹೆಚ್ಚುವರಿ ಹಾಸಿ, ದಿನಾ ಬದಲಿಸಿ. ಆಗ ದೊಡ್ಡ ಹಾಸನ್ನು ಮೂರ್ನಾಲ್ಕು ದಿನಕ್ಕೊಮ್ಮೆ ತೊಳೆದರೆ ನಡೆಯುತ್ತದೆ. ಹಿಕ್ಕೆ ಮಾತ್ರ ದಿನಾ ಗುಡಿಸಿ ತೆಗೆಯಲೇಬೇಕು.

ತೊಳೆಯುವ ಮುಂಚೆ ಹುಲ್ಲು, ಕೂದಲು ಚೆನ್ನಾಗಿ ಕೊಡವಿ. ಬಕೆಟ್ ಬೇರೆಯೇ ಇರಲಿ. ಗಿನಿಪಿಗ್‌ನಿಂದ ಮಕ್ಕಳಿಗೆ ಹುಳುಕಡ್ಡಿಯಂಥ ಚರ್ಮರೋಗ ಹರಡಬಹುದು, ಮುಟ್ಟಿದ ಮೇಲೆ ಕೈ ತೊಳೆಸಿ. ಬಿಳಿ ಕಲೆ ಬಿದ್ದಿದ್ದರೆ ಅದು ಉಚ್ಚೆಯ ಸುಣ್ಣದ ಅಂಶ. ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ ನೆನೆಸಿದರೆ ಬಿಡುತ್ತದೆ. ಗೂಡಿಗೆ ಫಿನಾಯಿಲ್ ಬೇಡ. ಕಡಕ್ ಬಿಸಿಲಲ್ಲಿ ಒಣಗಿಸಿ. ಸಿಮೆಂಟ್ ಕಾರ್ಖಾನೆ ಅಥವಾ ಲಾರಿ ಓಡಾಡುವ ರಸ್ತೆ ಹತ್ತಿರವಿದ್ದರೆ ಒಳಗೆ ತರುವ ಮುಂಚೆ ಧೂಳು ಕೊಡವಬೇಕು.

ಬೇಸಿಗೆಯಲ್ಲಿ ಫರಸಿ ಕಲ್ಲು

ಫ್ಲೀಸ್ ಸ್ವಲ್ಪ ಬಿಸಿ ಹಿಡಿಯುತ್ತದೆ. ಏಪ್ರಿಲ್-ಮೇನಲ್ಲಿ ತೆಳು ಬಟ್ಟೆ ಹಾಸಿ, ಗೂಡಿನ ಒಂದು ಮೂಲೆಯಲ್ಲಿ ನಯವಾದ ಶಹಾಬಾದ್ ಕಲ್ಲಿನ ತುಂಡು ಇಡಿ. ಸೆಕೆಯಾದಾಗ ಪ್ರಾಣಿ ತಾನೇ ಹೋಗಿ ಅದರ ಮೇಲೆ ಮಲಗುತ್ತದೆ. ಗೂಡಿಗೆಲ್ಲ ಕಲ್ಲು ಹಾಸಿದರೆ ಪಾದಕ್ಕೆ ಗಟ್ಟಿ, ಚಳಿಗಾಲದಲ್ಲಿ ಥಂಡಿ. ತಂಪಾಗಲಿ ಅಂತ ಹಾಸಿಗೆ ನೀರು ಚಿಮುಕಿಸುವುದು ತಪ್ಪು. ಒದ್ದೆ ಹಾಸಿಗೆ ನೊಣ ಕೂತು ಮೊಟ್ಟೆ ಇಟ್ಟರೆ ಜೀವಂತ ಪ್ರಾಣಿಯ ಮೈಗೇ ಹುಳ ಬೀಳುತ್ತವೆ.

ಯಾವಾಗ ಡಾಕ್ಟರ್ ಹತ್ತಿರ?

ವಾರಕ್ಕೊಮ್ಮೆ ಎತ್ತಿಕೊಂಡು ಅಂಗಾಲು, ಹೊಟ್ಟೆ ನೋಡಿ. ಪಾದ ಕೆಂಪಾಗಿ ಊದಿದ್ದರೆ, ಸೀನು ನಿಲ್ಲದಿದ್ದರೆ, ಅರ್ಧ ದಿನ ಏನೂ ತಿನ್ನದಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ದೊಡ್ಡ ತೊಂದರೆಗೆ ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಮಾತ್ರೆ ತಂದು ಹಾಕುವುದಂತೂ ಬೇಡವೇ ಬೇಡ. ಅಮಾಕ್ಸಿಸಿಲಿನ್‌ನಂಥ ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಗೆ ಕೊಟ್ಟರೆ ಗಿನಿಪಿಗ್ ಜೀವಕ್ಕೇ ಅಪಾಯ.

ದಿನಾ ಬೆಳಿಗ್ಗೆ ಹಾಸಿನ ಮೇಲೆ ಅಂಗೈ ಒತ್ತಿ ನೋಡಿ. ಕೈಗೆ ಪಸೆ ಹತ್ತಿದರೆ ಅವತ್ತೇ ಬದಲಿಸುವ ದಿನ.