ಹೆಸರಿನ ಮುಂದಿನ ಮಂಡ್ಯ

ಮಂಡ್ಯ ರಮೇಶ್ ಎಂದೊಡನೆ ಹಲವರಿಗೆ ನೆನಪಾಗುವುದು ಟಿ.ವಿ. ಹಾಸ್ಯ ಕಾರ್ಯಕ್ರಮ ‘ಮಜಾ ಟಾಕೀಸ್’ನ ನಗು. ಆದರೆ ಅವರ ವೃತ್ತಿಯ ಬೇರು ಕಿರುತೆರೆಯಲ್ಲಿಲ್ಲ, ರಂಗದಲ್ಲಿದೆ. ಕೆ.ವಿ. ಸುಬ್ಬಣ್ಣ 1980ರಲ್ಲಿ ಹೆಗ್ಗೋಡಿನಲ್ಲಿ ಆರಂಭಿಸಿದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು, 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಮೈಸೂರಿನಲ್ಲಿ ಶುರುವಾದ ರಂಗಾಯಣದಲ್ಲಿ ಪಳಗಿದವರು ಅವರು. ನಾಗಾಭರಣರ ‘ಜನುಮದ ಜೋಡಿ’ (1996) ಅವರನ್ನು ಸಿನಿಮಾ ನೋಡುವವರ ಹತ್ತಿರಕ್ಕೆ ತಂದಿತು. ಹೆಸರು ಬಂದ ಮೇಲೂ ಅವರು ರಂಗ ಬಿಡಲಿಲ್ಲ. ಮೈಸೂರಿನಲ್ಲಿ ‘ನಟನ’ ರಂಗಶಾಲೆ ಕಟ್ಟಿ ನಿರ್ದೇಶಕರಾಗಿ, ಗುರುವಾಗಿ ನಿಂತರು.

ಕಲಿಸಿದ್ದು ಹೆಗ್ಗೋಡು, ಬೆಳೆಸಿದ್ದು ಮೈಸೂರು. ಇದರಲ್ಲಿ ಮಂಡ್ಯದ ಪಾಲೇನು ಎಂಬ ಆಕ್ಷೇಪ ಸಹಜ. ಒಂದು ಸೀಮೆಯೇ ನಟನನ್ನು ರೂಪಿಸುತ್ತದೆ ಎಂದರೆ ಅತಿಶಯೋಕ್ತಿಯೂ ಹೌದು. ಆದರೆ ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹಗಲು ಗದ್ದೆಯಲ್ಲಿದ್ದ ರೈತ ರಾತ್ರಿ ಬಾಡಿಗೆ ಕಿರೀಟ ತೊಟ್ಟು ದುರ್ಯೋಧನನಾಗುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ‘ಕುರುಕ್ಷೇತ್ರ’ ನಾಟಕ ಮುಗಿಯುವಷ್ಟರಲ್ಲಿ ಕೋಳಿ ಕೂಗಿರುತ್ತದೆ. ನಟ ಬೇರೆ ಜಾತಿಯ ಜೀವಿಯಲ್ಲ, ನಮ್ಮೂರಿನವನೇ ಎಂಬ ನಂಬಿಕೆ ಈ ನೆಲದ್ದು. ಮಕ್ಕಳಿಗೂ ಹವ್ಯಾಸಿಗಳಿಗೂ ಬಾಗಿಲು ತೆರೆದ ‘ನಟನ’ ಅದೇ ನಂಬಿಕೆಗೆ ಶಿಸ್ತಿನ ತರಬೇತಿ ಕೊಟ್ಟಿತು. ಹೆಸರಿನ ಮುಂದಿನ ಮಂಡ್ಯ ಬರೀ ವಿಳಾಸವಲ್ಲ.