ನಮ್ಮ ಅಭಿರುಚಿ ಗಣಕಕ್ಕೆ ತಿಳಿದದ್ದು ಹೇಗೆ?

ಹೊಸ ಸುದ್ದಿ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡರೆ ಸಾಮಾನ್ಯವಾಗಿ ಅದು ಮೊದಲು ನಮ್ಮ ಆಸಕ್ತಿಯ ವಿಷಯಗಳನ್ನು ಕೇಳುತ್ತದೆ. ಕ್ರಿಕೆಟ್, ವಿಜ್ಞಾನ, ಕೃಷಿ ಎಂದು ಗುರುತು ಹಾಕುತ್ತೇವೆ. ಕೆಲವು ದಿನಗಳಲ್ಲಿ ನಾವು ಕೇಳದೇ ಇದ್ದ ಸುದ್ದಿಗಳೂ ಬರತೊಡಗುತ್ತವೆ. ಇಲ್ಲಿ ಎರಡು ಬೇರೆ ಬೇರೆ ವಿಧಾನಗಳಿವೆ. ಎರಡೂ ಆ್ಯಪ್‌ಗಳಿಗಿಂತ ಹಳೆಯವು.

ಮೊದಲನೆಯದನ್ನು ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1958ರ ಲೇಖನವೊಂದರಲ್ಲಿ ವಿವರಿಸಿದರು. ಪ್ರತಿಯೊಬ್ಬ ಓದುಗನ ಆಸಕ್ತಿಯನ್ನು ಪದಗಳ ಪಟ್ಟಿಯಾಗಿ ಇಡುವುದು. ಹೊಸ ವರದಿ ಬಂದಾಗ ಅದರ ಮುಖ್ಯ ಪದಗಳನ್ನು ಪಟ್ಟಿಯೊಡನೆ ಹೋಲಿಸುವುದು. ಸಾಕಷ್ಟು ಹೊಂದಿಕೆಯಾದರೆ ಮಾತ್ರ ಅವನಿಗೆ ತಿಳಿಸುವುದು. ಅವರ ಮನಸ್ಸಿನಲ್ಲಿದ್ದದ್ದು ದಿನಪತ್ರಿಕೆಯಲ್ಲ, ಕಾಗದದ ರಾಶಿಯಲ್ಲಿ ಮುಳುಗಿದ್ದ ಕಚೇರಿಗಳು ಹಾಗೂ ಪ್ರಯೋಗಾಲಯಗಳು.

ಆದರೆ ಪದಕ್ಕೆ ರುಚಿ ತಿಳಿಯದು. 'ಗ್ರಹಣ' ಎಂಬ ಪದ ಖಗೋಳ ಲೇಖನದಲ್ಲೂ ಇರುತ್ತದೆ, ರಾಶಿಫಲದಲ್ಲೂ ಇರುತ್ತದೆ!

1994ರಲ್ಲಿ ಪಾಲ್ ರೆಸ್ನಿಕ್, ಜಾನ್ ರೀಡ್ಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ 'ಗ್ರೂಪ್‌ಲೆನ್ಸ್' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಇದು ಬರಹವನ್ನು ಓದುವ ಗೋಜಿಗೇ ಹೋಗಲಿಲ್ಲ. ಯೂಸ್‌ನೆಟ್ ಜಾಲದ ಬರಹಗಳಿಗೆ ಓದುಗರು 1ರಿಂದ 5ರವರೆಗೆ ಅಂಕ ಕೊಡಬೇಕು, ಅಷ್ಟೆ. ನೀವು ಮೂರು ಬರಹಗಳಿಗೆ 5, 1, 4 ಕೊಟ್ಟಿದ್ದೀರಿ ಎನ್ನಿ. ಕಮಲಾ ಅವೇ ಬರಹಗಳಿಗೆ 5, 2, 4 ಕೊಟ್ಟಿದ್ದಾಳೆ. ರಾಜು 1, 5, 2. ಸಹಸಂಬಂಧ ಗುಣಾಂಕವನ್ನು ಲೆಕ್ಕ ಹಾಕಿದರೆ ಕಮಲಾಳೊಡನೆ ಅದು ಹೆಚ್ಚುಕಡಿಮೆ +1, ರಾಜುವಿನೊಡನೆ ಸರಿಯಾಗಿ -1. ನೀವಿನ್ನೂ ನೋಡದ ನಾಲ್ಕನೆಯ ಬರಹಕ್ಕೆ ಕಮಲಾ 5, ರಾಜು 1 ಕೊಟ್ಟರೆ ಅದು ನಿಮಗೆ ಹಿಡಿಸಬಹುದೆಂದು ಗಣಕ ಊಹಿಸುತ್ತದೆ. ಇಲ್ಲಿ ರಾಜುವಿನ ತಿರಸ್ಕಾರವೂ ನಿಮಗೊಂದು ಶಿಫಾರಸು! ವಿದ್ಯಾರ್ಥಿಗಳು ತರಗತಿಯಲ್ಲೇ ಮಾಡಿ ನೋಡಬಹುದಾದ ಲೆಕ್ಕವಿದು.

ಅಂಕ ಕೊಡುವ ತಾಳ್ಮೆ ಎಷ್ಟು ಜನರಿಗಿದೆ? ಬೆಂಗಳೂರಿನಲ್ಲಿ ಶಾಲೆ ಕಲಿತ ಕೃಷ್ಣ ಭರತ್ ರೂಪಿಸಿದ ಗೂಗಲ್ ನ್ಯೂಸ್ 2002ರಲ್ಲಿ ಆರಂಭವಾಯಿತು. ಅದರ ಲಕ್ಷಾಂತರ ಓದುಗರಿಗಾಗಿ ಕಂಡುಕೊಂಡ ಉಪಾಯವನ್ನು ಗೂಗಲ್‌ನ ತಂಡವೊಂದು 2007ರಲ್ಲಿ ಪ್ರಕಟಿಸಿತು: ಅಂಕ ಬೇಡ, ಸುದ್ದಿಯ ಮೇಲೆ ಕ್ಲಿಕ್ಕಿಸಿದರೆ ಅದೇ ಮೆಚ್ಚುಗೆ. ತೊಡಕು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಅಪಘಾತದ ಸುದ್ದಿಯನ್ನು ನಾವು ತೆರೆಯುವುದು ಮೆಚ್ಚಿ ಅಲ್ಲ. ಗ್ರೂಪ್‌ಲೆನ್ಸ್‌ನಲ್ಲಿ ಅದಕ್ಕೆ 1 ಕೊಡಬಹುದಿತ್ತು. ಕ್ಲಿಕ್ಕಿಗೆ ಆ ಸೌಲಭ್ಯವಿಲ್ಲ.

ಊಹೆಯೇ ಬೇಡವೆನ್ನುವವರಿಗೆ ನೆಟ್‌ಸ್ಕೇಪ್ ಸಂಸ್ಥೆ 1999ರಲ್ಲೇ ಆರ್‌ಎಸ್‌ಎಸ್ ಎಂಬ ಕಡತ ವಿನ್ಯಾಸವನ್ನು ಹೊರತಂದಿತ್ತು. ಯಾವ ತಾಣಗಳ ಸುದ್ದಿ ಬೇಕೆಂದು ಓದುಗನೇ ಪಟ್ಟಿ ಮಾಡಿಕೊಂಡರಾಯಿತು. ಹೊಸ ಶೀರ್ಷಿಕೆಗಳನ್ನು ತಂತ್ರಾಂಶ ತಂದು ಜೋಡಿಸುತ್ತದೆ. ಇದನ್ನು ಬಳಸುತ್ತಿದ್ದ ಗೂಗಲ್ ರೀಡರ್ 2005ರಲ್ಲಿ ಬಂದು 2013ರ ಜುಲೈ 1ರಂದು ನಿಂತುಹೋಯಿತು. ಆರ್‌ಎಸ್‌ಎಸ್ ನಿಂತಿಲ್ಲ. ಅದನ್ನು ಓದಬಲ್ಲ ಉಚಿತ ಆ್ಯಪ್‌ಗಳು ಇಂದಿಗೂ ದೊರೆಯುತ್ತವೆ.